ತೋಕೂರಿನಿಂದ ಕಾರವಾರಕ್ಕೆ: ಕರಾವಳಿಯ ರೈಲು ಸೇವೆ ಯಾರಿಗೆ ಎಷ್ಟು ಒದಗುತ್ತದೆ?

ಮಂಗಳೂರಿನ ಹೊರವಲಯದ ತೋಕೂರಿನಿಂದ ಗೋವಾ ಗಡಿಗೆ ಅಂಟಿಕೊಂಡಿರುವ ಅಸ್ನೋಟಿಯವರೆಗೆ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳನ್ನು ಹಾದುಹೋಗುವ ಕೊಂಕಣ ರೈಲು ಮಾರ್ಗವನ್ನು ಹೊಗಳಿದ ಬರಹಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಸೇತುವೆ, ಸುರಂಗ, ಮಳೆಗಾಲದ ಹಸಿರು ಎಲ್ಲದರ ವರ್ಣನೆಯೂ ಸಾಕಷ್ಟು ಬಂದಿದೆ. ಇಲ್ಲಿ ನಾನು ಮಾಡಹೊರಟಿರುವುದು ಹಣ ಕೊಟ್ಟು ಟಿಕೆಟ್ ಪಡೆಯುವವರ ಲೆಕ್ಕದಲ್ಲಿ ಈ ಸೇವೆಯನ್ನು ತೂಗಿ ನೋಡುವ ಕೆಲಸ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮಂಗಳೂರಿನಿಂದ ಮುಂಬಯಿಗೆ ಹೋಗುವವರಿಗೆ ಇದು ಬಹಳ ಒಳ್ಳೆಯ ಸೇವೆ. ಕುಮಟಾದಿಂದ ಉಡುಪಿಗೆ ಹೋಗಿ ಸಂಜೆಯೊಳಗೆ ಮನೆಗೆ ಮರಳಬೇಕಾದವರಿಗೆ ಅರೆಬರೆ ಸೇವೆ. ಕಾರವಾರದಿಂದ ಹುಬ್ಬಳ್ಳಿಗೆ ಹೋಗಬೇಕಾದವರಿಗೆ ಇದ್ದೂ ಇಲ್ಲದಂಥ ಸೇವೆ. ಹಳಿ ಒಂದೇ ಆದರೂ ಪ್ರಯಾಣಿಕರ ಪಾಲಿಗೆ ಇಷ್ಟು ವ್ಯತ್ಯಾಸವಾಗಲು ಸಿಬ್ಬಂದಿಯ ದಕ್ಷತೆಯಾಗಲಿ ಬೋಗಿಗಳ ಸ್ವಚ್ಛತೆಯಾಗಲಿ ಕಾರಣವಲ್ಲ. ಮಾರ್ಗವನ್ನು ಯಾರ ಪ್ರಯಾಣಕ್ಕೆಂದು ಯೋಜಿಸಲಾಯಿತು ಎಂಬುದರಲ್ಲಿ ಇದರ ಉತ್ತರವಿದೆ.

ಕರಾವಳಿಗೆ ರೈಲು ಬಂದ ಕ್ರಮವನ್ನು ಗಮನಿಸಿದರೆ ಈ ಪ್ರದೇಶ ಯಾವ ಕಾಲದಲ್ಲಿ ಯಾವ ದಿಕ್ಕಿಗೆ ಮುಖ ಮಾಡಿ ನಿಂತಿತ್ತು ಎಂಬುದು ತಿಳಿಯುತ್ತದೆ. 1907ರಲ್ಲಿ ಮಂಗಳೂರಿಗೆ ಮೊದಲ ಹಳಿ ಬಂದದ್ದು ದಕ್ಷಿಣದಿಂದ, ಮಲಬಾರಿನ ಶೊರನೂರಿನ ಕಡೆಯಿಂದ. ಆಗ ಈ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರಿಂದ ರೈಲೂ ಮದ್ರಾಸಿನತ್ತಲೇ ಹೋಗುತ್ತಿತ್ತು. ಅದೇ ಕಾಲದಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತು. ಅದರ ಕರಾವಳಿಗೆ ದಕ್ಕಿದ್ದು ಹಡಗು ಮತ್ತು ಘಟ್ಟದ ರಸ್ತೆ ಮಾತ್ರ. ಮಂಗಳೂರಿನಿಂದ ಘಟ್ಟ ಹತ್ತಿ ಹಾಸನಕ್ಕೆ ಹೋಗುವ ಮೀಟರ್ ಗೇಜ್ ಮಾರ್ಗ ತೆರೆದದ್ದು 1979ರಲ್ಲಿ, ಅಂದರೆ ರಾಜ್ಯದ ಏಕೀಕರಣವಾಗಿ ಎರಡು ದಶಕಗಳು ಕಳೆದ ಮೇಲೆ. ಉತ್ತರದ ಬಾಗಿಲು ತೆರೆಯಲು 1998 ಬರಬೇಕಾಯಿತು. ಅಲ್ಲಿಯವರೆಗೆ ಮಂಗಳೂರಿನಿಂದ ಮುಂಬಯಿಗೆ ರೈಲಿನಲ್ಲಿ ಹೋಗುವುದೆಂದರೆ ಪಾಲಕ್ಕಾಡ್ ಕಣಿವೆ ದಾಟಿ ಪೂರ್ವದ ಕಡೆಯಿಂದ ಸುತ್ತಿ 2,041 ಕಿ.ಮೀ. ಸಾಗಬೇಕಿತ್ತು, ಹೊಸ ಮಾರ್ಗ ಆ ದೂರವನ್ನು 914 ಕಿ.ಮೀ.ಗೆ ಇಳಿಸಿತು. ಸುಮಾರು 41 ಗಂಟೆಗಳ ಪ್ರಯಾಣ 15 ಗಂಟೆಗಳ ಆಸುಪಾಸಿಗೆ ಬಂದಿತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಕುಂದಾಪುರ, ಉಡುಪಿ ಕಡೆಯ ಜನ ಅದುವರೆಗೆ ರೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಸ್ಸನ್ನೇ ನಂಬಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಇಷ್ಟಾಗಿಯೂ ಇತಿಹಾಸದ ಒಂದು ವಿಚಿತ್ರವನ್ನು ಈ ಸಂಭ್ರಮದಲ್ಲಿ ಬಹಳ ಮಂದಿ ಮರೆತಿದ್ದಾರೆ. ಕೊಂಕಣ ಮಾರ್ಗ ಪೂರ್ಣವಾಗಿ ತೆರೆದ 1998ರಲ್ಲಿ ಮಂಗಳೂರು–ಹಾಸನ ಮಾರ್ಗ ಗೇಜ್ ಪರಿವರ್ತನೆಗಾಗಿ, ಅಂದರೆ ಹಳಿಯನ್ನು ಅಗಲಗೊಳಿಸಲು, ಮುಚ್ಚಿತ್ತು. ಆ ಕೆಲಸ ಕುಂಟುತ್ತಾ ಸಾಗಿ, 2006ರಲ್ಲಿ ಮೊದಲು ಸರಕು ಗಾಡಿಗಳಿಗೆ ಅವಕಾಶವಾಯಿತು. ಪ್ರಯಾಣಿಕರ ರೈಲು ಮತ್ತೆ ಓಡತೊಡಗಿದ್ದು 2007ರ ಡಿಸೆಂಬರಿನಲ್ಲಿ. ಅಂದರೆ ಹತ್ತಿರಹತ್ತಿರ ಹತ್ತು ವರ್ಷಗಳ ಕಾಲ ಉಡುಪಿಯವರು ರಾತ್ರಿ ಕಳೆದು ಬೆಳಗಾಗುವುದರೊಳಗೆ ಮುಂಬಯಿಯಲ್ಲಿ ಇಳಿಯಬಹುದಿತ್ತು, ಆದರೆ ತಮ್ಮದೇ ರಾಜ್ಯದ ರಾಜಧಾನಿಗೆ ರೈಲಿನಲ್ಲಿ ಹೋಗಬೇಕಾದರೆ ಕೇರಳ, ತಮಿಳುನಾಡನ್ನೋ ಗೋವಾವನ್ನೋ ಸುತ್ತಬೇಕಿತ್ತು. ಕರಾವಳಿಯಿಂದ ಬೆಂಗಳೂರಿಗೆ ಪ್ರತಿ ರಾತ್ರಿ ಹೊರಡುವ ಖಾಸಗಿ ಬಸ್ಸುಗಳ ದೊಡ್ಡ ವ್ಯವಹಾರ ಬೇರೂರಿದ್ದು ಈ ಅವಧಿಯಲ್ಲೇ ಎಂದು ನನ್ನ ಅಂದಾಜು. ಒಮ್ಮೆ ಬಸ್ಸಿಗೆ ಒಗ್ಗಿದ ಪ್ರಯಾಣಿಕರನ್ನು ರೈಲಿಗೆ ಮರಳಿ ತರುವುದು ಹಳಿ ಹಾಕಿದಷ್ಟು ಸುಲಭವಲ್ಲ.

ಮಾರ್ಗದ ಹಣಕಾಸಿನ ಏರ್ಪಾಡು ಹೇಗಿತ್ತೆಂಬುದನ್ನೂ ಪ್ರಯಾಣಿಕರು ತಿಳಿದಿರಬೇಕು, ಏಕೆಂದರೆ ಅದರ ಪರಿಣಾಮ ಟಿಕೆಟಿನ ದರದಲ್ಲೇ ಇದೆ. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ, 1990ರಲ್ಲಿ, ಇ. ಶ್ರೀಧರನ್ ಅವರ ನೇತೃತ್ವದಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ರೈಲ್ವೆಯ ವಾರ್ಷಿಕ ಅನುದಾನಕ್ಕೆ ಕಾಯುತ್ತ ಕುಳಿತರೆ ತಲೆಮಾರು ಕಳೆದೀತು ಎಂಬ ಲೆಕ್ಕಾಚಾರದಿಂದ ಕೇಂದ್ರ ಶೇ 51, ಮಹಾರಾಷ್ಟ್ರ ಶೇ 22, ಕರ್ನಾಟಕ ಶೇ 15, ಗೋವಾ ಮತ್ತು ಕೇರಳ ತಲಾ ಶೇ 6ರಷ್ಟು ಬಂಡವಾಳ ಹೂಡಿದವು. ಉಳಿದ ಹಣದ ಬಹುಪಾಲು ಸಾರ್ವಜನಿಕರಿಗೆ ಮಾರಿದ ಬಾಂಡುಗಳಿಂದ ಬಂದಿತು. ಉಡುಪಿ–ಮಂಗಳೂರು ನಡುವಿನ ಮೊದಲ ತುಂಡು 1993ರಲ್ಲೇ ತೆರೆದರೆ, ಮಹಾರಾಷ್ಟ್ರದ ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಮಾರ್ಗ 1998ರ ಜನವರಿಯಲ್ಲಿ ಪೂರ್ಣವಾಯಿತು. ನಮ್ಮಲ್ಲಿ ಯೋಜನೆಗಳು ಸಾಗುವ ಬಗೆಯನ್ನು ಬಲ್ಲವರಿಗೆ ಈ ವೇಗದ ಬೆಲೆ ಗೊತ್ತು. ಆದರೆ ಸಾಲ ಮಾಡಿ ಕಟ್ಟಿದ ಮಾರ್ಗಕ್ಕೆ ಸಾಲ ತೀರಿಸುವ ಹೊಣೆಯೂ ಇರುತ್ತದೆ. ಅದಕ್ಕಾಗಿಯೇ ಈ ಮಾರ್ಗದಲ್ಲಿ ಪ್ರಯಾಣ ದರ ನಿಗದಿ ಮಾಡುವಾಗ ನಿಜವಾದ ದೂರಕ್ಕೆ ಶೇ 40ರಷ್ಟನ್ನು ಸೇರಿಸಿ ಲೆಕ್ಕ ಹಾಕುವ ಪದ್ಧತಿ ಬಂದಿತು. ಸರಕಿಗೆ ಅದು ಶೇ 50. ನೂರು ಕಿ.ಮೀ. ಪ್ರಯಾಣಿಸಿದವರು ನೂರನಲವತ್ತು ಕಿ.ಮೀ.ಗೆ ಹಣ ತೆರುತ್ತಾರೆ. ಬೇರೆ ಯಾವ ಅಂಗಡಿಯಲ್ಲಾದರೂ ಹೀಗೆ ತೂಕ ಮಾಡಿದ್ದರೆ ಜಗಳವಾಗುತ್ತಿತ್ತು. ಇಲ್ಲಿ ಜನ ಒಪ್ಪಿಕೊಂಡಿದ್ದಾರೆ, ಏಕೆಂದರೆ ಅಷ್ಟು ಕೊಟ್ಟರೂ ಬಸ್ಸಿಗಿಂತ ರೈಲು ಅಗ್ಗ.

ಹಳಿಯ ಗುಣಮಟ್ಟಕ್ಕೆ ಬಂದರೆ ನನ್ನಲ್ಲಿ ಮೆಚ್ಚುಗೆಯಲ್ಲದೆ ಬೇರೆ ಮಾತಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣದವರೆಗಿನ ಸುಮಾರು 55 ಕಿ.ಮೀ. ಘಟ್ಟದ ಮಾರ್ಗದಲ್ಲಿ ಐವತ್ತು ಅಡಿ ಸಾಗಿದರೆ ಒಂದು ಅಡಿ ಏರುವಷ್ಟು ಕಡಿದಾದ ಏರಿದೆ. ಕೊಂಕಣ ಮಾರ್ಗದಲ್ಲಿ ಆ ಏರು ನೂರೈವತ್ತಕ್ಕೆ ಒಂದನ್ನು ಮೀರದಂತೆ, ತಿರುವುಗಳ ತ್ರಿಜ್ಯ 1,250 ಮೀಟರಿಗಿಂತ ಕಡಿಮೆಯಾಗದಂತೆ ವಿನ್ಯಾಸ ಮಾಡಲಾಗಿದೆ. ಗಂಟೆಗೆ 160 ಕಿ.ಮೀ. ವೇಗವನ್ನು ಮನಸ್ಸಿನಲ್ಲಿಟ್ಟುಕೊಂಡು ಮೂವತ್ತು ವರ್ಷಗಳ ಹಿಂದೆ ಹಾಕಿದ ನಕ್ಷೆ ಇದು. ಅದರ ಫಲ ಪ್ರಯಾಣಿಕರ ಮೈಗೆ ನೇರವಾಗಿ ತಿಳಿಯುತ್ತದೆ: ಮೇಲಿನ ಬರ್ತಿನಲ್ಲಿ ಮಲಗಿದವರಿಗೂ ತಿರುವು ಬಂದದ್ದು ಗೊತ್ತಾಗುವುದಿಲ್ಲ. ಶರಾವತಿಯ ಮೇಲೆ ಹೊನ್ನಾವರದ ಬಳಿ ಇರುವ ಸೇತುವೆ ಎರಡು ಕಿ.ಮೀ.ಗೂ ಉದ್ದವಿದ್ದು, ಇಡೀ ಮಾರ್ಗದಲ್ಲಿ ಅದಕ್ಕಿಂತ ಉದ್ದನೆಯ ಸೇತುವೆ ಇನ್ನೊಂದಿಲ್ಲ. ಮಂಕಿ ನಿಲ್ದಾಣ ಬಿಟ್ಟ ಸ್ವಲ್ಪ ಹೊತ್ತಿಗೆ ಚಕ್ರದ ಸದ್ದು ಬದಲಾಗುತ್ತದೆ. ಎರಡೂ ಬದಿಯ ತೆಂಗಿನ ತೋಟ ಸರಿದು ನೀರು ಕಾಣಿಸುತ್ತದೆ. ಪಶ್ಚಿಮಕ್ಕೆ ಹೆದ್ದಾರಿಯ ಸೇತುವೆ, ಅದರಾಚೆ ಅಳಿವೆ, ನಡುವೆ ಮೀನುಗಾರರ ದೋಣಿಗಳು. ಮಾತು ನಿಲ್ಲಿಸಿ ಕಿಟಕಿಗೆ ತಿರುಗದವರು ಬೋಗಿಯಲ್ಲಿ ಸಾಮಾನ್ಯವಾಗಿ ಯಾರೂ ಉಳಿಯುವುದಿಲ್ಲ. ಅಘನಾಶಿನಿ, ಗಂಗಾವಳಿ, ಕಾಳಿ ನದಿಗಳ ಮೇಲೆಯೂ ಇದೇ ಅನುಭವ, ಪ್ರಮಾಣ ಮಾತ್ರ ಚಿಕ್ಕದು.

ಇದೇ ವಿನ್ಯಾಸ ಊರಿನ ಜನರಿಗೆ ತೊಡಕೂ ಆಯಿತು. ಕರಾವಳಿಯ ಪೇಟೆಗಳು ಬೆಳೆದದ್ದು ಅಳಿವೆಗಳ ದಡದಲ್ಲಿ ಮತ್ತು ಹಳೆಯ ಹೆದ್ದಾರಿಯ ಅಂಚಿನಲ್ಲಿ. ಏರಿಳಿತವಿಲ್ಲದ, ದೊಡ್ಡ ತಿರುವುಗಳ ಹಳಿ ಆ ಪೇಟೆಗಳನ್ನು ಹುಡುಕಿಕೊಂಡು ಬಳುಕಲಾರದು. ಜೊತೆಗೆ ಜನವಸತಿಯ ನಡುವೆ ಭೂಮಿ ಪಡೆಯುವುದೂ ಕಷ್ಟ. ಹೀಗಾಗಿ ಹಳಿ ಬಹುತೇಕ ಕಡೆ ಪೂರ್ವಕ್ಕೆ, ಗುಡ್ಡದ ಬುಡಕ್ಕೆ ಸರಿಯಿತು, ನಿಲ್ದಾಣಗಳೂ ಅದರೊಂದಿಗೇ ಸರಿದವು. ಕಾರವಾರದ ನಿಲ್ದಾಣ ಶಿರವಾಡದಲ್ಲಿದೆ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ, ಉಡುಪಿಯದ್ದು ಇಂದ್ರಾಳಿಯಲ್ಲಿ. ಗೋಕರ್ಣ ರೋಡ್ ಎಂಬ ನಿಲ್ದಾಣದಲ್ಲಿ ಇಳಿದವರಿಗೆ ಗೋಕರ್ಣ ಇನ್ನೂ ಹತ್ತು ಕಿ.ಮೀ.ಯಷ್ಟು ದೂರ, ಬೈಂದೂರಿನ ಮೂಕಾಂಬಿಕಾ ರೋಡ್‌ನಲ್ಲಿ ಇಳಿದವರು ಕೊಲ್ಲೂರು ಮುಟ್ಟಲು ಬಸ್ಸಿನಲ್ಲಿ ಇನ್ನೂ ಮುಕ್ಕಾಲು ಗಂಟೆ ಕೂರಬೇಕು. ಇಂದ್ರಾಳಿ ಮಾತ್ರ ಇದಕ್ಕೆ ಅಪವಾದ. ಉಡುಪಿ ಮತ್ತು ಮಣಿಪಾಲಗಳ ನಡುವಿನ ಮುಖ್ಯರಸ್ತೆಯ ಪಕ್ಕದಲ್ಲೇ ಇರುವುದರಿಂದ ಅಲ್ಲಿ ಇಳಿದವರಿಗೆ ಎರಡೂ ಕಡೆಗೆ ಬಸ್ಸು ಸಿಗುತ್ತದೆ, ಮತ್ತು ಆ ನಿಲ್ದಾಣ ತನ್ನ ಸುತ್ತ ಒಂದು ಪೇಟೆಯನ್ನೇ ಎಬ್ಬಿಸಿದೆ. ಉಳಿದ ಕಡೆ ನಿಲ್ದಾಣದ ಹೊರಗೆ ಗಾಡಿಯ ಹೊತ್ತಿಗೆ ಬಂದು ನಿಲ್ಲುವ ರಿಕ್ಷಾಗಳು, ಒಂದು ಚಹಾದಂಗಡಿ, ಅಷ್ಟೇ. ಮೂವತ್ತು ರೂಪಾಯಿಯ ಆಸುಪಾಸಿನ ರೈಲು ಟಿಕೆಟಿಗೆ ನೂರು ನೂರೈವತ್ತು ರೂಪಾಯಿಯ ರಿಕ್ಷಾ ಬಾಡಿಗೆ ಸೇರಿದರೆ ಪ್ರಯಾಣದ ಲೆಕ್ಕವೇ ಬುಡಮೇಲಾಗುತ್ತದೆ. ರೈಲಿನ ವೇಳೆಗೆ ಹೊಂದುವ ನಗರ ಬಸ್ಸುಗಳನ್ನು ಓಡಿಸುವುದು ರೈಲ್ವೆಯ ಕೆಲಸವಲ್ಲ, ಸಾರಿಗೆ ಸಂಸ್ಥೆಯ ಮತ್ತು ಸ್ಥಳೀಯ ಆಡಳಿತದ ಕೆಲಸ. ಇಷ್ಟು ವರ್ಷಗಳಾದರೂ ಆ ಹೊಂದಾಣಿಕೆ ಬಹುತೇಕ ಊರುಗಳಲ್ಲಿ ಕುದುರಿಲ್ಲ.

ಇನ್ನು ಒಂಟಿ ಹಳಿಯ ವಿಚಾರ. ರೋಹಾದಿಂದ ವೀರ್‌ವರೆಗಿನ ಸುಮಾರು 47 ಕಿ.ಮೀ. ತುಂಡು 2021ರಲ್ಲಿ ಜೋಡಿ ಹಳಿಯಾಯಿತು. ಕರ್ನಾಟಕದ ಭಾಗ ಪೂರ್ತಿ ಒಂಟಿ ಹಳಿಯೇ. ಎದುರುಬದುರು ಬರುವ ಎರಡು ಗಾಡಿಗಳಲ್ಲಿ ಒಂದು ನಿಲ್ದಾಣದ ಪಕ್ಕದ ಹಳಿಗೆ ಸರಿದು ಕಾಯಲೇಬೇಕು, ಇದನ್ನೇ ಇಲ್ಲಿನವರು ‘ಕ್ರಾಸಿಂಗ್’ ಎನ್ನುತ್ತಾರೆ. ಯಾರು ಕಾಯಬೇಕು ಎಂಬುದು ಗಾಡಿಯ ದರ್ಜೆಯಿಂದ ತೀರ್ಮಾನವಾಗುತ್ತದೆ. ರಾಜಧಾನಿ ಮತ್ತು ಸೂಪರ್‌ಫಾಸ್ಟ್‌ಗಳಿಗೆ ದಾರಿ ಬಿಡುವುದು ಯಾವಾಗಲೂ ಸ್ಥಳೀಯ ಗಾಡಿ. ಗೋವಾದ ಮಡಗಾಂವ್ ಮತ್ತು ಮಂಗಳೂರಿನ ನಡುವೆ ಓಡುವ ಮೆಮು ಎಂಬ ಸ್ಥಳೀಯ ವಿದ್ಯುತ್ ಗಾಡಿ ಹತ್ತಿದವರಿಗೆ ಈ ಕ್ರಮ ಚೆನ್ನಾಗಿ ಪರಿಚಿತ. ಗಾಡಿ ಸಣ್ಣ ನಿಲ್ದಾಣವೊಂದರ ಪಕ್ಕದ ಹಳಿಯಲ್ಲಿ ನಿಲ್ಲುತ್ತದೆ, ಐದು ನಿಮಿಷ ಕಳೆದ ಮೇಲೆ ಕಾಲೇಜು ಹುಡುಗರು ಪ್ಲಾಟ್‌ಫಾರ್ಮಿಗೆ ಇಳಿಯುತ್ತಾರೆ, ಹತ್ತು ನಿಮಿಷಕ್ಕೆ ಹಿರಿಯರೂ ಬಾಗಿಲಿಗೆ ಬಂದು ಇಣುಕುತ್ತಾರೆ. ನಿಲ್ದಾಣದ ಸಿಬ್ಬಂದಿ ಹಸಿರು ಬಾವುಟ ಹಿಡಿದು ಹೊರಗೆ ಬಂದು ನಿಂತರೆ ಎದುರಿನ ಗಾಡಿ ಬರುತ್ತಿದೆಯೆಂದು ಅರ್ಥ. ಮರುಗಳಿಗೆಯಲ್ಲಿ ಧೂಳೆಬ್ಬಿಸುತ್ತಾ ಕೇರಳದ ಕಡೆಗೆ ಹೋಗುವ ಗಾಡಿ ನಿಲ್ಲದೆ ಹಾದುಹೋಗುತ್ತದೆ, ಇಳಿದವರೆಲ್ಲ ಹತ್ತಿಕೊಳ್ಳುತ್ತಾರೆ. ಇನ್ನಂಜೆ, ಮಿರ್ಜಾನ್ ಮುಂತಾದ ಕಡೆ ಹೊಸ ಕ್ರಾಸಿಂಗ್ ನಿಲ್ದಾಣಗಳು ಬಂದ ಮೇಲೆ ಈ ಕಾಯುವಿಕೆ ಒಂದಿಷ್ಟು ತಗ್ಗಿದೆ. ಸಂಪೂರ್ಣ ವಿದ್ಯುದೀಕರಣ 2022ರಲ್ಲಿ ಮುಗಿದದ್ದರಿಂದ ಡೀಸೆಲಿನ ವೆಚ್ಚವೂ ಹೊಗೆಯೂ ಇಳಿದವು. ಆದರೆ ಗಾಡಿಗಳ ಸಂಖ್ಯೆ ಹೆಚ್ಚಿದಂತೆಲ್ಲ ಒಂಟಿ ಹಳಿ ತನ್ನ ಮಿತಿಯನ್ನು ತೋರಿಸುತ್ತಲೇ ಇರುತ್ತದೆ.

ಈ ಮಾರ್ಗದ ಗಾಡಿಗಳನ್ನು ಒಂದೊಂದಾಗಿ ತೂಗುವುದಾದರೆ ಮೊದಲ ಸ್ಥಾನ ಮತ್ಸ್ಯಗಂಧಕ್ಕೆ. 1998ರಿಂದ ಮಂಗಳೂರು ಸೆಂಟ್ರಲ್ ಮತ್ತು ಮುಂಬಯಿಯ ಲೋಕಮಾನ್ಯ ತಿಲಕ್ ಟರ್ಮಿನಸ್ ನಡುವೆ ಓಡುತ್ತಿರುವ ಈ ಗಾಡಿ ಮಧ್ಯಾಹ್ನ ಹೊರಟು ಮರುದಿನ ಬೆಳಿಗ್ಗೆ ತಲುಪಿಸುತ್ತದೆ. ಉಡುಪಿ, ಕುಂದಾಪುರ, ಭಟ್ಕಳ, ಕುಮಟಾ ಮುಂತಾದ ಊರುಗಳಲ್ಲಿ ನಿಲ್ಲುತ್ತದೆ. ಬಹುಕಾಲ ಹಳೆಯ ಬೋಗಿಗಳಲ್ಲೇ ಸಾಗಿದ ಇದಕ್ಕೆ 2025ರ ಫೆಬ್ರುವರಿಯಲ್ಲಿ ಎಲ್‌ಎಚ್‌ಬಿ ಎಂಬ ಆಧುನಿಕ ಮಾದರಿಯ ಹೊಸ ಬೋಗಿಗಳು ಬಂದವು. ಹಬ್ಬದ ಮುಂಚಿನ ವಾರಗಳಲ್ಲಿ ಇದರ ಟಿಕೆಟ್ ಸಿಗುವುದು ಕಷ್ಟವೆಂಬುದೇ ಇದರ ಜನಪ್ರಿಯತೆಗೆ ಸಾಕ್ಷಿ. ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿಯ ಚೀಲಗಳು ಸೀಟಿನಡಿ ತುಂಬಿರುವುದರಿಂದ ಕಾಲು ಚಾಚಲು ಜಾಗ ಸಿಗದು ಎಂಬ ದೂರು ನನ್ನದೂ ಹೌದು. ಆದರೆ ಅದನ್ನು ರೈಲ್ವೆಯ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಎರಡನೆಯದು ಪಂಚಗಂಗಾ. ಬೆಂಗಳೂರಿನಿಂದ ಸಂಜೆ ಹೊರಟು ಘಟ್ಟ ಇಳಿದು ಮರುದಿನ ಬೆಳಿಗ್ಗೆ ಕಾರವಾರ ಸೇರುವ ಈ ಗಾಡಿ ಕರಾವಳಿಯ ಪ್ರಯಾಣಿಕ ಸಂಘಟನೆಗಳ ದೀರ್ಘ ಒತ್ತಾಯದ ಫಲ. ಇದರ ನಿಜವಾದ ಸಾಧನೆ ಇರುವುದು ದಾರಿಯ ಆಯ್ಕೆಯಲ್ಲಿ: ಮಂಗಳೂರು ಸೆಂಟ್ರಲ್‌ಗೆ ಹೋಗಿ ಎಂಜಿನ್ ತಿರುಗಿಸಿಕೊಂಡು ಬರುವ ಬದಲು ಪಡೀಲ್‌ನ ಅಡ್ಡಮಾರ್ಗ ಹಿಡಿದು ನೇರವಾಗಿ ಉತ್ತರಕ್ಕೆ ಹೊರಳುತ್ತದೆ, ಅದರಿಂದ ಉಳಿಯುವ ಸಮಯ ಸಣ್ಣದಲ್ಲ. ಮೂರು ಆಡಳಿತಗಳು ಒಂದೆಡೆ ಕೂಡುವ ತಾಣ ಮಂಗಳೂರು ಎಂಬುದನ್ನು ಹೊರಗಿನವರು ಅರಿಯರು. ಸೆಂಟ್ರಲ್ ಮತ್ತು ಜಂಕ್ಷನ್ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗಕ್ಕೆ ಸೇರಿವೆ. ಪೂರ್ವಕ್ಕೆ ಪುತ್ತೂರಿನ ಕಡೆ ಹೋದರೆ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಉತ್ತರಕ್ಕೆ ತೋಕೂರು ದಾಟಿದರೆ ನವಿ ಮುಂಬಯಿಯ ಬೇಲಾಪುರದಲ್ಲಿ ಕಚೇರಿ ಇರುವ ಕೊಂಕಣ ನಿಗಮ. ಬೆಂಗಳೂರು–ಕಾರವಾರ ಗಾಡಿಯ ವೇಳೆಯನ್ನು ಅರ್ಧ ಗಂಟೆ ಹಿಂದೆಮುಂದೆ ಮಾಡಬೇಕಾದರೂ ಈ ಮೂವರೂ ಒಪ್ಪಬೇಕು. ರಾಜ್ಯದೊಳಗೇ ಹುಟ್ಟಿ ರಾಜ್ಯದೊಳಗೇ ಮುಗಿಯುವ ಪ್ರಯಾಣವೊಂದಕ್ಕೆ ಮೂರು ಊರುಗಳಲ್ಲಿ ಕಡತ ಓಡಾಡುವ ಈ ವ್ಯವಸ್ಥೆಯಲ್ಲಿ ಹೊಸ ಗಾಡಿಯೊಂದು ಬರಲು ವರ್ಷಗಳು ಹಿಡಿಯುವುದು ಸಹಜವೇ. ಘಟ್ಟದಲ್ಲಿ ವೇಗ ಗಂಟೆಗೆ 30 ಕಿ.ಮೀ.ಯ ಆಸುಪಾಸು ಎಂಬುದನ್ನೂ ಇದರ ಜೊತೆ ಸೇರಿಸಿಕೊಳ್ಳಬೇಕು. 2024ರ ಜುಲೈ ಕೊನೆಯಲ್ಲಿ ಯಡಕುಮರಿ ಬಳಿ ಭೂಕುಸಿತವಾಗಿ ಗಾಡಿಗಳು ನಿಂತಾಗ ಬೆಂಗಳೂರಿನೊಂದಿಗಿನ ಸಂಪರ್ಕ ಎಷ್ಟು ತೆಳುವಾದ ಎಳೆಯ ಮೇಲೆ ನಿಂತಿದೆ ಎಂಬುದು ಮತ್ತೊಮ್ಮೆ ಕಂಡಿತು.

ನನ್ನ ಮಟ್ಟಿಗೆ ಈ ಮಾರ್ಗದ ಅತ್ಯಂತ ಉಪಯುಕ್ತ ಗಾಡಿ, ಪ್ರಚಾರವೇ ಇಲ್ಲದ ಮೆಮು. ನಸುಕಿನಲ್ಲಿ ಮಡಗಾಂವ್ ಬಿಟ್ಟು ಮಧ್ಯಾಹ್ನದೊಳಗೆ ಮಂಗಳೂರು ಸೇರಿ, ಊಟದ ಹೊತ್ತು ಕಳೆದ ಮೇಲೆ ಮರಳುವ ಈ ಗಾಡಿಯಲ್ಲಿ ಅಂಕೋಲಾ, ಕುಮಟಾ, ಹೊನ್ನಾವರಗಳಿಂದ ಹತ್ತುವವರಲ್ಲಿ ಎಕ್ಸ್‌ರೇ ಲಕೋಟೆಯನ್ನೋ ರಕ್ತಪರೀಕ್ಷೆಯ ವರದಿಗಳ ಪ್ಲಾಸ್ಟಿಕ್ ಚೀಲವನ್ನೋ ಮಡಿಲಲ್ಲಿಟ್ಟುಕೊಂಡು ಕುಳಿತವರು ತಪ್ಪದೆ ಕಾಣುತ್ತಾರೆ. ಉತ್ತರ ಕನ್ನಡಕ್ಕೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹೋರಾಟ ಎಷ್ಟೋ ವರ್ಷಗಳದ್ದು. 2022ರಲ್ಲಿ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಹೊನ್ನಾವರದ ಕಡೆಯ ಆಂಬುಲೆನ್ಸ್ ಅಪಘಾತಕ್ಕೀಡಾದ ಬಳಿಕ ಅದು ಇನ್ನಷ್ಟು ತೀವ್ರವಾಯಿತು. ಆಸ್ಪತ್ರೆ ಬರುವವರೆಗೆ ಮಣಿಪಾಲ ಮತ್ತು ಮಂಗಳೂರೇ ಗತಿ, ಬಡವರಿಗೆ ಅಲ್ಲಿಗೆ ಒಯ್ಯುವುದು ಈ ಗಾಡಿ. ಬೆಳಿಗ್ಗೆ ವೈದ್ಯರನ್ನು ಕಂಡು ಮಧ್ಯಾಹ್ನದ ಗಾಡಿಗೆ ಓಡಿ ಬರಬೇಕು. ವೈದ್ಯರು ಇನ್ನೊಂದು ಪರೀಕ್ಷೆ ಬರೆದುಕೊಟ್ಟರೆ ಗಾಡಿ ತಪ್ಪುತ್ತದೆ, ಮುಂದಿನದು ಬಸ್ಸೇ. ಮೂರು ಜಿಲ್ಲೆಗಳನ್ನು ಜೋಡಿಸುವ ಹಳಿಯ ಮೇಲೆ ಸಣ್ಣ ನಿಲ್ದಾಣಗಳಲ್ಲೂ ನಿಲ್ಲುವ ಗಾಡಿಗಳು ಬೆರಳೆಣಿಕೆಯಷ್ಟಿರುವುದನ್ನು ನಾನು ಈ ಸೇವೆಯ ಅತಿ ದೊಡ್ಡ ಕೊರತೆಯೆಂದು ಭಾವಿಸುತ್ತೇನೆ.

ಇದಕ್ಕೆ ಎದುರಾಗಿ ನಿಲ್ಲಿಸಿ ನೋಡಬೇಕಾದದ್ದು ವಂದೇ ಭಾರತ್. 2023ರ ಡಿಸೆಂಬರ್ 30ರಂದು ಆರಂಭವಾದ ಮಂಗಳೂರು–ಮಡಗಾಂವ್ ವಂದೇ ಭಾರತ್ ಎಂಟು ಬೋಗಿಗಳ ಸೊಗಸಾದ ಗಾಡಿ. ಆಸನ, ತಂಪು, ಶುಚಿತ್ವ, ಸಮಯಪಾಲನೆ ಯಾವುದರಲ್ಲೂ ಹೆಸರಿಡುವಂತಿಲ್ಲ. ಆದರೆ ಆರಂಭದಿಂದ ಅದು ನಡುವೆ ನಿಲ್ಲುತ್ತಿದ್ದುದು ಉಡುಪಿ ಮತ್ತು ಕಾರವಾರಗಳಲ್ಲಿ ಮಾತ್ರ. ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾಗಳ ಜನ ಅದು ಹಾದುಹೋಗುವುದನ್ನು ನೋಡಬಹುದು, ಅಷ್ಟೇ. ಮೊದಲ ತಿಂಗಳುಗಳಲ್ಲಿ ಆಸನಗಳು ತುಂಬದೆ ಓಡಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು, ಅದನ್ನು ಮುಂಬಯಿಯವರೆಗೆ ವಿಸ್ತರಿಸಬೇಕೆಂಬ ಬೇಡಿಕೆಯೂ ಎದ್ದಿತು. ನನಗೆ ಇದರಲ್ಲಿ ಗಾಡಿಯ ದೋಷ ಕಾಣುವುದಿಲ್ಲ. ಮಂಗಳೂರಿನಿಂದ ಮಡಗಾಂವ್‌ಗೆ ಹೆಚ್ಚು ಹಣ ತೆತ್ತು ಬೆಳಿಗ್ಗೆ ಹೋಗಿ ರಾತ್ರಿ ಮರಳುವವರು ದಿನಕ್ಕೆ ಎಷ್ಟು ಮಂದಿ ಇದ್ದಾರು? ನಡುವಿನ ಊರುಗಳವರಿಗೆ ದಿನನಿತ್ಯದ ಅಗತ್ಯವಿದೆ, ಅವರಿಗೆ ನಿಲುಗಡೆಯಿಲ್ಲ. ನಿಲುಗಡೆ ಸಿಕ್ಕವರಲ್ಲಿ ಹಲವರಿಗೆ ಆ ದರ ಹೊರೆ. ಬೇಡಿಕೆ ಎಲ್ಲಿದೆಯೆಂದು ನೋಡದೆ ನಕ್ಷೆಯ ಮೇಲೆ ಎರಡು ದೊಡ್ಡ ಚುಕ್ಕಿಗಳನ್ನು ಗೆರೆಯಿಂದ ಸೇರಿಸಿದರೆ ಹೀಗಾಗುತ್ತದೆ.

ಮಳೆಗಾಲದ ಬಗ್ಗೆ ಹೇಳದೆ ಈ ಮಾರ್ಗದ ವಿಮರ್ಶೆ ಮುಗಿಯದು. 2003ರ ಜೂನ್‌ನಲ್ಲಿ ಮಹಾರಾಷ್ಟ್ರದ ವೈಭವವಾಡಿ ಬಳಿ ಹಳಿಯ ಮೇಲೆ ಕುಸಿದ ಬಂಡೆ ಮಣ್ಣಿಗೆ ಡಿಕ್ಕಿ ಹೊಡೆದು ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ಗಾಡಿಯಲ್ಲಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷ ಅದೇ ತಿಂಗಳಲ್ಲಿ ಕರಂಜಾಡಿ ಬಳಿ ಮತ್ಸ್ಯಗಂಧ ದುರಂತಕ್ಕೆ ಸಿಲುಕಿತು. ಆ ಬಳಿಕ ಗುಡ್ಡ ಕಡಿದ ಜಾಗಗಳಲ್ಲಿ ಬಲೆ, ತಡೆಗೋಡೆ, ರಾತ್ರಿ ಹಗಲು ಗಸ್ತು, ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿ ಎಲ್ಲವೂ ಬಂದವು. ಮಳೆಗಾಲದಲ್ಲಿ ಗಾಡಿಗಳು ಬೇಕೆಂದೇ ನಿಧಾನವಾಗಿ ಓಡುತ್ತವೆ. ಜೋರು ಮಳೆ ಸುರಿದರೆ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ. ಗಾಡಿ ತಡವಾಯಿತೆಂದು ಗೊಣಗುವವರು ಈ ನಿಧಾನದ ಹಿಂದಿನ ಕಾರಣವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಈ ವಿಷಯದಲ್ಲಿ ಹೆದ್ದಾರಿಯ ಸ್ಥಿತಿ ಇನ್ನೂ ಕೆಟ್ಟದ್ದು: 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು, ಮುಂದಿನ ತಿಂಗಳು ಕಾಳಿ ನದಿಯ ಹಳೆಯ ರಸ್ತೆ ಸೇತುವೆಯೇ ಬಿದ್ದುಹೋಯಿತು. ಒಂದೇ ಹೆದ್ದಾರಿ, ಒಂದೇ ಹಳಿ ಇರುವ ಕಿರಿದಾದ ನೆಲಪಟ್ಟಿಯಲ್ಲಿ ಇವೆರಡರಲ್ಲಿ ಯಾವುದು ನಿಂತರೂ ಔಷಧದಿಂದ ಹಿಡಿದು ತರಕಾರಿಯವರೆಗೆ ಎಲ್ಲಕ್ಕೂ ತೊಂದರೆ.

ಸರಕಿನ ಕಡೆ ಈ ನಿಗಮ ತೋರಿದ ಜಾಣ್ಮೆಯನ್ನು ಮೆಚ್ಚಲೇಬೇಕು. ತುಂಬಿದ ಲಾರಿಗಳನ್ನೇ ಚಪ್ಪಟೆ ವ್ಯಾಗನ್ನುಗಳ ಮೇಲೆ ಏರಿಸಿ ಸಾಗಿಸುವ ರೋ-ರೋ ಸೇವೆ 1999ರಲ್ಲಿ ಕೋಲಾಡ್ ಮತ್ತು ವೆರ್ಣಾ ನಡುವೆ ಶುರುವಾಗಿ ಮುಂದೆ ಸುರತ್ಕಲ್‌ವರೆಗೆ ಬಂದಿತು. ಚಾಲಕರು ತಮ್ಮ ಲಾರಿಯ ಕ್ಯಾಬಿನ್ನಿನಲ್ಲೇ ಕಾಲು ಚಾಚಿ ಮಲಗಿ ಘಟ್ಟದ ತಿರುವುಗಳನ್ನು ದಾಟುವ ದೃಶ್ಯವನ್ನು ಎದುರಿನ ಗಾಡಿಯ ಕಿಟಕಿಯಿಂದ ನೋಡಿದವರಿಗೆ ಅದರ ಲಾಭವನ್ನು ವಿವರಿಸಬೇಕಾಗಿಲ್ಲ. ಸರಕು ಸಾಗಣೆಯಲ್ಲಿ ರೈಲಿನ ಪಾಲನ್ನು 2030ರೊಳಗೆ ಶೇ 45ಕ್ಕೆ ಏರಿಸುವುದು ರಾಷ್ಟ್ರೀಯ ರೈಲು ಯೋಜನೆಯ ಗುರಿ. ಆದರೆ ಇಲ್ಲಿ ಅದೇ ಒಂಟಿ ಹಳಿಯ ಮೇಲೆ ರೋ-ರೋ, ಸರಕು ಗಾಡಿ, ಕೇರಳದ ಸೂಪರ್‌ಫಾಸ್ಟ್, ವಂದೇ ಭಾರತ್ ಎಲ್ಲವೂ ಓಡಬೇಕು. ಹಳಿ ಜೋಡಿಯಾಗದೆ ಸರಕು ಹೆಚ್ಚಿದರೆ ಪಕ್ಕದ ಹಳಿಗೆ ಸರಿದು ಕಾಯುವುದು ಮತ್ತೆ ಮೆಮುವೇ.

ಒಳನಾಡಿನ ಸಂಪರ್ಕದ ಕತೆ ಇದಕ್ಕಿಂತ ನಿರಾಶಾದಾಯಕ. ಹುಬ್ಬಳ್ಳಿ–ಅಂಕೋಲಾ ಮಾರ್ಗ 1990ರ ದಶಕದಲ್ಲೇ ಮಂಜೂರಾದದ್ದು. ಬಳ್ಳಾರಿ, ಹೊಸಪೇಟೆಗಳ ಅದಿರು ಮತ್ತು ಬಯಲುಸೀಮೆಯ ಸರಕು ಕಾರವಾರ, ಬೇಲೆಕೇರಿ ಬಂದರುಗಳಿಗೆ ನೇರವಾಗಿ ಬರಲಿ ಎಂಬುದು ಉದ್ದೇಶವಾಗಿತ್ತು. ಯಲ್ಲಾಪುರದ ಸುತ್ತಲಿನ ದಟ್ಟ ಕಾಡು, ವನ್ಯಜೀವಿಗಳ ಓಡಾಟದ ದಾರಿ ಮತ್ತು ನ್ಯಾಯಾಲಯದ ಮೆಟ್ಟಿಲೇರಿದ ಆಕ್ಷೇಪಗಳು ಅದನ್ನು ತಡೆದಿವೆ. ಕಾಡಿನ ವಾದ ಗಟ್ಟಿಯಾದದ್ದು. ಪಶ್ಚಿಮ ಘಟ್ಟಕ್ಕೆ ಆದ ಗಾಯಗಳನ್ನು ಪ್ರತಿ ಮಳೆಗಾಲದಲ್ಲೂ ಕಾಣುತ್ತಿರುವ ನಾವು ಅದನ್ನು ಅಭಿವೃದ್ಧಿ ವಿರೋಧವೆಂದು ತಳ್ಳಿಹಾಕುವಂತಿಲ್ಲ. ಆದರೂ ಜಿಲ್ಲಾಕೇಂದ್ರವೊಂದರಿಂದ ತನ್ನ ಸಹಜ ವ್ಯಾಪಾರ ನಗರಿಗೆ ರೈಲಿನಲ್ಲಿ ಹೋಗಲು ಗೋವಾಕ್ಕೆ ಹೋಗಿ, ಮಡಗಾಂವ್‌ನಲ್ಲಿ ಗಾಡಿ ಬದಲಿಸಿ ಲೋಂಡಾ ಮೂಲಕ ಸುತ್ತಬೇಕಾದ ಸ್ಥಿತಿಗೆ ಉತ್ತರ ಬೇಕಲ್ಲವೇ? ಮಾರ್ಗ ಬೇಡವೆಂದಾದರೆ, ಇರುವ ಲೋಂಡಾ ಹಳಿಯ ಮೇಲೆಯೇ ಕಾರವಾರ–ಹುಬ್ಬಳ್ಳಿ ನೇರ ಗಾಡಿಯೊಂದನ್ನು ಓಡಿಸಲು ಯಾವ ಮರವನ್ನೂ ಕಡಿಯಬೇಕಾಗಿಲ್ಲ.

ಈಗ ನಿಗಮವನ್ನು ಭಾರತೀಯ ರೈಲ್ವೆಯೊಂದಿಗೆ ವಿಲೀನ ಮಾಡುವ ಪ್ರಸ್ತಾವ ಮುಂದಿದೆ. ಉಳಿದ ಮೂರು ರಾಜ್ಯಗಳ ಬಳಿಕ ಮಹಾರಾಷ್ಟ್ರವೂ 2025ರ ಮೇ ತಿಂಗಳಲ್ಲಿ, ಕೊಂಕಣ ರೈಲ್ವೆ ಎಂಬ ಹೆಸರು ಉಳಿಯಬೇಕೆಂಬ ಷರತ್ತಿನೊಂದಿಗೆ, ಒಪ್ಪಿಗೆ ಸೂಚಿಸಿತು. ವಿಲೀನವಾದರೆ ಹಳಿ ಜೋಡಿಸಲು, ಪ್ಲಾಟ್‌ಫಾರ್ಮುಗಳಿಗೆ ಚಾವಣಿ ಹಾಕಲು ಕೇಂದ್ರದ ಬಜೆಟ್ಟಿನಿಂದ ನೇರವಾಗಿ ಹಣ ಕೇಳಬಹುದು. ಶೇ 40ರ ಹೆಚ್ಚುವರಿ ದೂರದ ಲೆಕ್ಕಕ್ಕೂ ಸಮರ್ಥನೆ ಉಳಿಯುವುದಿಲ್ಲ. ನನ್ನ ಅನುಮಾನವಿರುವುದು ಬೇರೆ ಕಡೆ. ಮಾರ್ಗದ ಕರ್ನಾಟಕ ಭಾಗ ಯಾವ ವಲಯಕ್ಕೆ ಸೇರುತ್ತದೆ ಎಂಬುದೇ ಮುಖ್ಯ. ಅದು ನೈಋತ್ಯ ರೈಲ್ವೆಗೆ ಬಂದು, ಮಂಗಳೂರು ಪ್ರದೇಶವೂ ಅದರೊಂದಿಗೆ ಕೂಡಿದರೆ ಬೆಂಗಳೂರು–ಕಾರವಾರ ದಾರಿ ಒಂದೇ ಕೈಯಲ್ಲಿರುತ್ತದೆ. ಹಾಗಾಗದೆ ದೂರದ ಇನ್ನೊಂದು ವಲಯದ ಬಾಲವಾಗಿ ಉಳಿದರೆ, ಈಗ ಬೇಲಾಪುರಕ್ಕೆ ಬರೆಯುವ ಮನವಿಯನ್ನು ಆಗ ಬೇರೊಂದು ವಿಳಾಸಕ್ಕೆ ಬರೆಯಬೇಕಾದೀತು.

ಪ್ರಯಾಣ ಹೊರಡುವವರಿಗೆ ಒಂದೆರಡು ಸೂಚನೆಗಳು. ಮಂಗಳೂರಿನಿಂದ ಉತ್ತರಕ್ಕೆ ಹೋಗುವಾಗ ಎಡಬದಿಯ ಕಿಟಕಿ ಹಿಡಿದರೆ ಅಳಿವೆಗಳು ಕಾಣುತ್ತವೆ, ಬಲಬದಿಯಲ್ಲಿ ಗುಡ್ಡದ ಸಾಲು. ಜೂನ್ ಮಧ್ಯದಿಂದ ಅಕ್ಟೋಬರ್‌ವರೆಗೆ ಗಾಡಿಗಳ ವೇಳೆ ಬದಲಾಗುವುದರಿಂದ ಹಳೆಯ ಟಿಕೆಟಿನ ವೇಳೆಯನ್ನು ನಂಬಿ ನಿಲ್ದಾಣಕ್ಕೆ ಹೊರಡಬಾರದು. ಪಂಚಗಂಗಾಕ್ಕೆ ವಾರಾಂತ್ಯದಲ್ಲಿ ಹೋಗುವುದಿದ್ದರೆ ಬುಕಿಂಗ್ ತೆರೆದ ಕೂಡಲೇ ಟಿಕೆಟ್ ಕಾಯ್ದಿರಿಸಿಕೊಳ್ಳುವುದು ಕ್ಷೇಮ. ಮಣಿಪಾಲದ ಆಸ್ಪತ್ರೆಗೆ ಮೆಮುವಿನಲ್ಲಿ ಬರುವವರು ಮರುಪ್ರಯಾಣಕ್ಕೆ ಅದನ್ನೇ ನೆಚ್ಚಿಕೊಳ್ಳದೆ ಬಸ್ಸಿನ ದುಡ್ಡನ್ನೂ ಜೇಬಿನಲ್ಲಿಟ್ಟುಕೊಂಡಿರಲಿ. ಗೋಕರ್ಣ ರೋಡ್‌ನಲ್ಲಿ ರಾತ್ರಿ ಇಳಿಯುವವರು ರಿಕ್ಷಾ ಬಾಡಿಗೆಯನ್ನು ಹತ್ತುವ ಮೊದಲೇ ಮಾತಾಡಿಕೊಳ್ಳಬೇಕು.